ಒಳಲೆಯೋ ಬಾಟಲಿಯೋ, ಎದೆಹಾಲೋ ಪುಡಿಹಾಲೋ: ಡೇ ಕೇರ್‌ಗೆ ಹಾಕಿದ ಮೇಲೆ ಕಂಡಿದ್ದು

ಮಗಳಿಗೆ ಐದು ತಿಂಗಳು ತುಂಬಿದ ವಾರವೇ ನಾನು ಕೆಲಸಕ್ಕೆ ವಾಪಸ್ ಹೋಗಬೇಕಾಯಿತು. ಹೆರಿಗೆ ರಜೆ 26 ವಾರ ಸಿಕ್ಕಿತ್ತು, ಆದರೆ ಅದರಲ್ಲಿ ನಾಲ್ಕು ವಾರ ಹೆರಿಗೆಗೆ ಮುಂಚೆಯೇ ಕಳೆದಿತ್ತು. 50 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಯನ್ನು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಅಂತ ಕಾನೂನು ಹೇಳುತ್ತದೆ. ನಮ್ಮ ಆಫೀಸಿನಲ್ಲಿ ಇರುವುದೇ ಹದಿನೆಂಟು ಜನ. ಅತ್ತೆಗೆ ಮಂಡಿನೋವು, ಅಮ್ಮ ಇರುವುದು ಹೊಳಲ್ಕೆರೆಯಲ್ಲಿ. ಹಾಗಾಗಿ ದಾವಣಗೆರೆಯಲ್ಲೇ ಡೇ ಕೇರ್ ಹುಡುಕಿದೆವು. ಒಂದರಲ್ಲಿ ಮೂರು ವಾರ ಇದ್ದಳು, ಇನ್ನೊಂದರಲ್ಲಿ ಈಗಲೂ ಇದ್ದಾಳೆ. ಈ ಆರು ತಿಂಗಳಲ್ಲಿ ಹಿಂಡಿದ ಎದೆಹಾಲು, ಪುಡಿಹಾಲು, ಬಾಟಲಿ, ಒಳಲೆ (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು), ಮನೆಯ ರಾಗಿ ಸರಿ, ಅಲ್ಲೇ ಬೇಯಿಸಿದ ಸರಿ, ಎಲ್ಲವನ್ನೂ ಮಾಡಿ ನೋಡಿದ್ದೇನೆ. ನನ್ನ ಹಾಗೆ ಕೂಸನ್ನು ಬೇರೆಯವರ ಕೈಗೆ ಕೊಟ್ಟು ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹಾಲಿನ ವಿಷಯ. ಮೊದಲನೇ ಡೇ ಕೇರ್‌ನವರು ಪುಡಿಹಾಲೇ ಸುಲಭ ಮೇಡಂ, ಡಬ್ಬಿ ತಂದಿಟ್ಟುಬಿಡಿ, ನಾವೇ ಕಲಸಿ ಕೊಡುತ್ತೇವೆ ಅಂದರು. ನನಗೂ ಹಿಂಡುವ ಗೋಳು ತಪ್ಪುತ್ತೆ ಅನ್ನಿಸಿತು. ಆದರೆ ಪುಡಿಹಾಲು ಮಾಡುವುದರಲ್ಲಿ ಎಷ್ಟು ಹಂತ ಇದೆ ಅಂತ ಅಲ್ಲಿ ಅರ್ಧ ಗಂಟೆ ಕೂತು ನೋಡಿದಾಗ ಗೊತ್ತಾಯಿತು. ಡಬ್ಬಿ ಸೀಲ್ ಆಗಿ ಬಂದರೂ ಪುಡಿಯೊಳಗೆ ಕ್ರೋನೋಬ್ಯಾಕ್ಟರ್ ಅನ್ನುವ ರೋಗಾಣು ಇರುವ ಸಾಧ್ಯತೆ ಇದೆ, ಅದು ಸಾಯಬೇಕಾದರೆ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಅಂದರೆ ನೀರು ಕುದಿಸಬೇಕು, ತುಂಬಾ ಆರಲು ಬಿಡದೆ ಪುಡಿ ಹಾಕಬೇಕು, ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಕುಡಿಯುವ ಹದಕ್ಕೆ ತರಬೇಕು. ಅಲ್ಲಿ ಬೆಳಿಗ್ಗೆ ಕಾಯಿಸಿ ಫ್ಲಾಸ್ಕಿಗೆ ಹಾಕಿದ ಉಗುರುಬೆಚ್ಚಗಿನ ನೀರಿಗೆ ಪುಡಿ ಹಾಕಿ ಅಲ್ಲಾಡಿಸುತ್ತಿದ್ದರು. ಅಳತೆ ಚಮಚವನ್ನು ಒಬ್ಬರು ತಲೆ ಸವರಿ ಹಾಕಿದರೆ ಇನ್ನೊಬ್ಬರು ಗೋಪುರದ ಹಾಗೆ ತುಂಬಿ ಹಾಕುತ್ತಿದ್ದರು. ಅವರು ಕೆಟ್ಟವರಲ್ಲ. ಆರು ಮಕ್ಕಳಿಗೆ ಇಬ್ಬರು ಆಯಾ, ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ ಅಷ್ಟೇ.

ಹಿಂಡಿದ ಹಾಲಿನಲ್ಲಿ ಕಷ್ಟವೆಲ್ಲ ನನ್ನದು, ಅಲ್ಲಿಯವರಿಗೆ ಇರುವುದು ಬೆಚ್ಚಗೆ ಮಾಡುವ ಕೆಲಸ ಒಂದೇ. ಬೆಳಿಗ್ಗೆ ಐದೂವರೆಗೆ ಒಂದು ಸಲ, ಆಫೀಸಿನ ಸ್ಟೋರ್ ರೂಮಿನಲ್ಲಿ ಚಿಲಕ ಹಾಕಿಕೊಂಡು ಎರಡು ಸಲ. ಮೊದಲ ವಾರ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ರೂಢಿಯಾಗುತ್ತದೆ. 25 ಡಿಗ್ರಿ ಅಥವಾ ಅದಕ್ಕಿಂತ ತಂಪಿರುವ ಕೋಣೆಯಲ್ಲಿ ಎದೆಹಾಲು ನಾಲ್ಕು ಗಂಟೆ ಇರುತ್ತದೆ ಅನ್ನುತ್ತಾರೆ. ನಮ್ಮೂರಿನ ಏಪ್ರಿಲ್‌ನಲ್ಲಿ ಯಾವ ಕೋಣೆ 25 ಡಿಗ್ರಿ ಇರುತ್ತೆ ಹೇಳಿ? ಹಾಗಾಗಿ ನಾನು ಆ ಲೆಕ್ಕವನ್ನೇ ಬಿಟ್ಟೆ. ಹಿಂಡಿದ ತಕ್ಷಣ ಫ್ರಿಜ್ಜಿಗೆ, ಅಲ್ಲಿಂದ ಐಸ್ ಪ್ಯಾಕ್ ಇಟ್ಟ ಚೀಲಕ್ಕೆ, ಅಲ್ಲಿಂದ ನೇರ ಡೇ ಕೇರ್ ಫ್ರಿಜ್ಜಿನ ಒಳಮೂಲೆಗೆ. ಬಾಗಿಲಲ್ಲಿ ಇಡಬಾರದು, ತೆಗೆದು ಹಾಕಿ ಮಾಡಿದಾಗಲೆಲ್ಲ ಅಲ್ಲಿ ಬಿಸಿ ತಾಗುತ್ತೆ. ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ ಅಂತ ಮೊದಲೇ ಹೇಳಿಟ್ಟಿದ್ದೇನೆ, ಮುಚ್ಚಿದ್ದರೆ ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ.

ಒಂದು ತಪ್ಪು ನಾನು ಮೊದಲು ಮಾಡಿದೆ. 150 ಮಿಲಿ ಒಂದೇ ಡಬ್ಬಿಗೆ ತುಂಬಿ ಕಳಿಸುತ್ತಿದ್ದೆ. ಅವಳು 80 ಕುಡಿದು ಮಲಗಿಬಿಡುತ್ತಿದ್ದಳು, ಉಳಿದದ್ದನ್ನು ಚೆಲ್ಲಲು ಅಲ್ಲಿಯವರಿಗೆ ಮನಸ್ಸು ಬರುತ್ತಿರಲಿಲ್ಲ. ಮೇಡಂ ಎಷ್ಟು ಕಷ್ಟಪಟ್ಟು ತಂದಿದ್ದಾರೆ ಅಂತ ಮತ್ತೆ ಫ್ರಿಜ್ಜಿಗೆ ಇಟ್ಟು ಸಂಜೆ ಮತ್ತೆ ಬಿಸಿ ಮಾಡುತ್ತಿದ್ದರು. ಮಗುವಿನ ಎಂಜಲು ತಾಗಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲಾ ಚೆಲ್ಲಬೇಕು. ಪುಡಿಹಾಲಾದರೆ ಕುಡಿಯಲು ಶುರು ಮಾಡಿ ಒಂದು ಗಂಟೆ ಅಷ್ಟೇ. ಆಮೇಲೆ 60 ಮಿಲಿಯ ನಾಲ್ಕು ಚಿಕ್ಕ ಡಬ್ಬಿ ಮಾಡಿದೆ. ಪ್ರತಿಯೊಂದಕ್ಕೂ ಬಿಳಿ ಟೇಪು, ಅದರ ಮೇಲೆ ಅವಳ ಹೆಸರು, ತಾರೀಕು, ಹಿಂಡಿದ ಹೊತ್ತು. ಒಂದು ದಿನ ಆಯಾ ಅಕ್ಕ ಗಾಬರಿಯಾಗಿ ಫೋನ್ ಮಾಡಿದರು, ಹಾಲು ಒಡೆದುಹೋಗಿದೆ, ಮೇಲೆ ಕೆನೆ ನಿಂತಿದೆ ಅಂತ. ಅದು ಒಡೆದದ್ದಲ್ಲ, ಕೊಬ್ಬು ಮೇಲೆ ಬಂದಿರುತ್ತದೆ, ಬಿಸಿ ನೀರಿನ ಬಟ್ಟಲಲ್ಲಿ ಇಟ್ಟು ಮೆಲ್ಲಗೆ ತಿರುಗಿಸಿದರೆ ಸೇರಿಕೊಳ್ಳುತ್ತದೆ. ಮೈಕ್ರೋವೇವ್ ಮಾತ್ರ ಬೇಡವೇ ಬೇಡ. ಡಬ್ಬಿ ಮುಟ್ಟಿದರೆ ಬೆಚ್ಚಗಿರುತ್ತದೆ, ಒಳಗೆ ಒಂದು ಕಡೆ ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ.

ಈಗ ಬಾಟಲಿ ಮತ್ತು ಒಳಲೆ. ಇದನ್ನು ಬರೆಯಬೇಕು ಅಂತಲೇ ಕೂತಿದ್ದು.

ಬಾಟಲಿ ಬೇಗ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಚೆಲ್ಲುವುದಿಲ್ಲ, ಯಾರು ಬೇಕಾದರೂ ಕುಡಿಸಬಹುದು. ಆದರೆ ಮೂರನೇ ವಾರದ ಒಂದು ಮಧ್ಯಾಹ್ನ ನಾನು ಹೇಳದೇ ಹೋದೆ. ಮಗಳು ಹಾಸಿಗೆ ಮೇಲೆ ಅಂಗಾತ ಮಲಗಿದ್ದಳು. ಮಡಚಿದ ಟವೆಲ್ಲಿಗೆ ಒರಗಿಸಿದ ಬಾಟಲಿ ಬಾಯಲ್ಲಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಲು ಕೆನ್ನೆ ಮೇಲಿಂದ ಹರಿದು ಕಿವಿಯ ಹಿಂದೆ ಕೂದಲು ಅಂಟಿಕೊಂಡಿತ್ತು. ಐದು ತಿಂಗಳ ಕೂಸಿಗೆ ಸಾಕು ಅನ್ನಿಸಿದಾಗ ಬಾಟಲಿ ತಳ್ಳುವ ಶಕ್ತಿ ಎಲ್ಲಿರುತ್ತೆ? ಉಸಿರುಕಟ್ಟಬಹುದು, ಹಾಲು ಕಿವಿಯ ಕಡೆ ಹೋಗಿ ಸೋಂಕಾಗಬಹುದು. ಎತ್ತಿಕೊಂಡು ಬಂದವಳು ಮತ್ತೆ ಅಲ್ಲಿಗೆ ಕಳಿಸಲಿಲ್ಲ.

ಒಳಲೆ ನೆನಪಿಸಿದ್ದು ಅಮ್ಮ. ನಿನಗೂ ಅದರಲ್ಲೇ ಹಾಕಿದ್ದೆ ಕಣೆ ಅಂದಳು. ಮಂಡಿಪೇಟೆಯ ಪಾತ್ರೆ ಅಂಗಡಿಯಲ್ಲಿ ಎರಡು ಸ್ಟೀಲಿನವು ತಂದೆ. ಎರಡನೇ ಡೇ ಕೇರ್‌ನ ಅಕ್ಕನಿಗೆ ಕೊಟ್ಟಾಗ ಅವರ ಮುಖವೇ ಬೆಳಗಿತು, ಅಯ್ಯೋ ನಮ್ಮ ಮಕ್ಕಳಿಗೆಲ್ಲ ಇದರಲ್ಲೇ ಅಲ್ವಾ ಅಂತ. ಅವರು ಕೂಸನ್ನು ತೊಡೆ ಮೇಲೆ ಅರ್ಧ ಕೂರಿಸಿಕೊಂಡು, ಕತ್ತಿಗೆ ಎಡಗೈ ಕೊಟ್ಟು, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲೆ ಬಾಯಿಯ ಓರೆಗೆ ಇಟ್ಟು ಸ್ವಲ್ಪವೇ ಬಾಗಿಸುತ್ತಾರೆ. ಒಂದು ಗುಟುಕು. ನುಂಗುವವರೆಗೆ ಕಾಯುತ್ತಾರೆ. ಮತ್ತೆ ಒಂದು. ಗಂಟಲಿಗೆ ಸುರಿಯುವುದಲ್ಲ, ಅವಳೇ ಹೀರಿಕೊಳ್ಳಬೇಕು. ಮೊದಲ ದಿನ ಇಪ್ಪತ್ತೈದು ನಿಮಿಷ ಹಿಡಿಯಿತು, 60ರಲ್ಲಿ ಹದಿನೈದು ಮಿಲಿ ಬಿಬ್ಬಿಗೇ ಹೋಯಿತು. ಎರಡು ವಾರದಲ್ಲಿ ಹದಿಮೂರು ನಿಮಿಷಕ್ಕೆ ಬಂತು.

ನಿಧಾನ ಅನ್ನುವುದನ್ನೇ ಜನ ಒಳಲೆಯ ತೊಂದರೆ ಅನ್ನುತ್ತಾರೆ. ನನಗೆ ಡೇ ಕೇರ್ ಮಟ್ಟಿಗೆ ಅದೇ ಅದರ ದೊಡ್ಡ ಗುಣ. ಒಳಲೆಯನ್ನು ಟವೆಲ್ಲಿಗೆ ಒರಗಿಸಿ ಹೋಗಲು ಆಗುವುದಿಲ್ಲ. ಯಾರಾದರೂ ಕೂತು ಮಗುವನ್ನು ಎತ್ತಿಕೊಳ್ಳಲೇಬೇಕು, ಮುಖ ನೋಡಲೇಬೇಕು, ಅವಳು ಮುಖ ತಿರುಗಿಸಿದರೆ ನಿಲ್ಲಿಸಲೇಬೇಕು. ತೊಳೆಯುವುದೂ ಹಾಗೆಯೇ. ಮೂಲೆ ಇಲ್ಲ, ರಬ್ಬರ್ ಇಲ್ಲ, ಸೋಪು ಹಾಕಿ ತೊಳೆದು ನೀರಲ್ಲಿ ಕುದಿಸಿದರೆ ಆಯಿತು. ಬಾಟಲಿಯ ನಿಪ್ಪಲ್ ಒಳಗೆ ಹಳೇ ಹಾಲು ಕಚ್ಚಿಕೊಂಡಿದ್ದರೆ ಕಾಣುವುದೇ ಇಲ್ಲ. ಸುಮ್ನೆ ಅಲ್ಲ, 1992ರ ಶಿಶು ಆಹಾರದ ಕಾಯ್ದೆಯಲ್ಲಿ ಪುಡಿಹಾಲಿನ ಜೊತೆ ಬಾಟಲಿಗೂ ಜಾಹೀರಾತು ಕೊಡಬಾರದು ಅಂತ ಹಾಕಿರುವುದು.

ಬಾಟಲಿಯೇ ಗತಿ ಅನ್ನುವವರೂ ಇದ್ದಾರೆ, ನನ್ನ ಸಹೋದ್ಯೋಗಿಯ ಮಗ ಒಳಲೆಯನ್ನು ಬಾಯಿಗೇ ಸೇರಿಸಲಿಲ್ಲ. ಹಾಗಿದ್ದರೆ ಕೂರಿಸಿಕೊಂಡು, ಬಾಟಲಿಯನ್ನು ಅಡ್ಡಡ್ಡ ಹಿಡಿದು, ಮಧ್ಯೆ ಮಧ್ಯೆ ನಿಲ್ಲಿಸಿ ಕುಡಿಸಲು ಹೇಳಿ. ಹೇಳಿದ ಮೇಲೆ ಒಂದೆರಡು ದಿನ ಹೇಳದೇ ಹೋಗಿ ನೋಡಿ.

ಆರು ತಿಂಗಳಾದ ಮೇಲೆ ಸರಿ ಶುರುವಾಯಿತು. ಅಲ್ಲಿಯವರೆಗೆ ಹಾಲು ಬಿಟ್ಟು ನೀರೂ ಬೇಡ ಅಂತ ಅಂಟಿಸಿದ್ದ ಚೀಟಿಯನ್ನು ತೆಗೆದು ಹೊಸದು ಅಂಟಿಸಿದೆ: ಉಪ್ಪು ಬೇಡ, ಸಕ್ಕರೆ ಬೇಡ, ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ. ಜೇನಿನ ಮಾತಿಗೆ ಅಕ್ಕ ಒಪ್ಪಲಿಲ್ಲ. ಅದರಲ್ಲಿ ಬಾಟುಲಿಸಂ ತರುವ ರೋಗಾಣುವಿನ ಬೀಜ ಇರಬಹುದು, ಕೂಸಿನ ಕರುಳು ತಡೆಯಲ್ಲ, ಕೈಕಾಲಿನ ಶಕ್ತಿಯೇ ಹೋಗಬಹುದು ಅಂತ ಬಿಡಿಸಿ ಹೇಳಿದ ಮೇಲೆ ಕೇಳಿದರು.

ಮನೆಯಿಂದ ಫ್ಲಾಸ್ಕಿನಲ್ಲಿ ಕಳಿಸಿದ ರಾಗಿ ಸರಿ ಹನ್ನೊಂದು ಗಂಟೆಗೆ ಗಟ್ಟಿಯಾಗುತ್ತಿತ್ತು, ಅದಕ್ಕೆ ನೀರು ಬೆರೆಸಿ ತಿಳಿ ಮಾಡುತ್ತಿದ್ದರು. ಮೂರು ಗಂಟೆ ಉಗುರುಬೆಚ್ಚಗೆ ಕೂತ ಸರಿ ಒಳ್ಳೆಯದೂ ಅಲ್ಲ. ಈಗ ಹುರಿದ ಹಿಟ್ಟನ್ನು ಒಂದೊಂದು ಹೊತ್ತಿನ ಪೊಟ್ಟಣ ಕಟ್ಟಿ ಕಳಿಸುತ್ತೇನೆ, ಅವರು ಆ ಹೊತ್ತಿಗೆ ಬೇಯಿಸುತ್ತಾರೆ. ಚಮಚ ಓರೆ ಮಾಡಿದರೆ ಸರಕ್ಕನೆ ಜಾರಬಾರದು, ಅಷ್ಟು ಗಟ್ಟಿ. ಇದೇ ಮೇಲು.

ಹಾಲು, ಸರಿ ಎಲ್ಲ ದಾರಿಗೆ ಬಂತು ಅಂದುಕೊಂಡಿದ್ದಾಗ ಹೋದ ತಿಂಗಳು ಇನ್ನೊಂದಾಯಿತು. ನಾಲ್ಕು ವರ್ಷದ ಹುಡುಗನೊಬ್ಬ ತನ್ನ ಮಂಡಕ್ಕಿಯಲ್ಲಿದ್ದ ಶೇಂಗಾ ಬೀಜವನ್ನು ಪ್ರೀತಿಯಿಂದ ಇವಳ ಬಾಯಿಗಿಟ್ಟ. ಅಕ್ಕ ಪಕ್ಕದಲ್ಲೇ ಕೂತಿದ್ದರು, ಬೀಜ ಇನ್ನೂ ತುಟಿಯ ಮೇಲಿದ್ದಾಗಲೇ ತೆಗೆದರು. ಸಂಜೆ ನಾನು ಹೋದಾಗ ಅವರೇ ಹೇಳಿದರು, ಮುಚ್ಚಿಡಲಿಲ್ಲ. ಮಾರನೇ ದಿನದಿಂದ ದೊಡ್ಡ ಮಕ್ಕಳ ತಿಂಡಿ ಹೊರಗಿನ ಪಡಸಾಲೆಯಲ್ಲಿ, ಗುಡಿಸಿ ಒರೆಸಿದ ಮೇಲೆಯೇ ಅಂಬೆಗಾಲಿನವರು ಅಲ್ಲಿಗೆ ಬರುತ್ತಾರೆ.