ಇನ್ವರ್ಟರ್ ಕೈಕೊಟ್ಟಾಗ ಡಿಸ್‌ಪ್ಲೇ ಇರಬೇಕು, ಬರೀ ಕೆಂಪು ಲೈಟು ಸಾಲದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಿಸ್‌ಪ್ಲೇ ಇರುವ ಸೈನ್ ವೇವ್ (ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವ) ಇನ್ವರ್ಟರ್‌ಗೆ. ಪೇಟೆ ಮನೆಯಲ್ಲಿ ಅದಿದೆ. ತೋಟದ ಮನೆಯಲ್ಲಿರುವುದು ಚೌಕ ಚೌಕದ ಒರಟು ಅಲೆ ಕೊಡುವ ಸ್ಕ್ವೇರ್ ವೇವ್, ಮುಂದುಗಡೆ ಮೂರು ಪುಟ್ಟ ಲೈಟು, ಒಂದು ಬಜರ್, ಅಷ್ಟೇ. ಎರಡಕ್ಕೂ 150 ಎಎಚ್ ಟ್ಯೂಬುಲರ್ ಬ್ಯಾಟರಿ.

ಸ್ಕ್ವೇರ್ ವೇವ್‌ನಲ್ಲಿ ಫ್ಯಾನು ಗುಂಯ್ ಅನ್ನುತ್ತದೆ. ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ತಲೆ ಕೆಡಿಸಿದ್ದು ಆ ಕೆಂಪು ಲೈಟು. ಮಳೆಗಾಲದಲ್ಲಿ ತೋಟದ ಮನೆಯಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ಬೀಪ್ ಬೀಪ್, ಆಮೇಲೆ ಕತ್ತಲೆ. ಓವರ್‌ಲೋಡ್ ಆದರೂ ಅದೇ ಲೈಟು, ಬ್ಯಾಟರಿ ಇಳಿದರೂ ಅದೇ ಲೈಟು. ರಿಪೇರಿಯವರು ನೋಡಿ, ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು. ಆದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ ಆರೂ ಸೆಲ್‌ನಲ್ಲಿ 1.230ರ ಆಸುಪಾಸು. ಚಾರ್ಜ್ ಚೆನ್ನಾಗಿಯೇ ಇತ್ತು! ಕೊನೆಗೆ ಮಲ್ಟಿಮೀಟರ್ ತಂದು, ಲೋಡ್ ಇರುವಾಗಲೇ, ಮೊದಲು ಬ್ಯಾಟರಿಯ ಟರ್ಮಿನಲ್, ಅಂದರೆ ಸೀಸದ ಗುಬ್ಬಿಯ ಮೇಲೆ ಹಿಡಿದೆ, 12.1 ವೋಲ್ಟ್. ವೈರಿನ ತುದಿಯ ಲಗ್ ಮೇಲೆ ಹಿಡಿದರೆ 10.4. ಎರಡಕ್ಕೂ ನಡುವೆ ಬಿಳಿ-ಹಸಿರು ಪುಡಿ ಕಟ್ಟಿಕೊಂಡಿತ್ತು, ಬೋಲ್ಟ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಫ್ಯಾನು, ಟಿವಿ, ಲೈಟು ಸೇರಿ 300 ವ್ಯಾಟ್ ಅಂದರೂ 12 ವೋಲ್ಟ್ ಬ್ಯಾಟರಿಯಿಂದ 30 ಆಂಪಿಯರ್‌ನಷ್ಟು ಎಳೆಯುತ್ತದೆ, ಅಷ್ಟೂ ಆ ಪುಡಿ ದಾಟಿಯೇ ಬರಬೇಕಲ್ವಾ? ಇನ್ವರ್ಟರ್‌ಗೆ ಬ್ಯಾಟರಿ ಖಾಲಿಯಾದಂತೆ ಕಂಡು ಆಫ್ ಆಗುತ್ತಿತ್ತು.

ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದೆ. ಆ ನೀರು ಸೆಲ್ ಒಳಗೆ ಒಂದು ಹನಿಯೂ ಇಳಿಯಬಾರದು, ಆಸಿಡ್ ಕೆಡುತ್ತದೆ. ಚೆನ್ನಾಗಿ ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದೆ. ಅಲ್ಲಿಗೆ ಸರಿಹೋಯಿತು.

ಇದೇ ತೊಂದರೆ ಪೇಟೆ ಮನೆಗೂ ಬಂದಿತ್ತು. ಅಲ್ಲಿ ಡಿಸ್‌ಪ್ಲೇಯೇ ಲೋ ಬ್ಯಾಟರಿ ಅಂತ ತೋರಿಸಿತು, ಪಕ್ಕದಲ್ಲೇ ವೋಲ್ಟೇಜ್ ಕೂಡ. ಲೋಡ್ ತೆಗೆದ ತಕ್ಷಣ ಅಂಕಿ ಸರ್ರನೆ ಮೇಲೇರಿತು. ನೇರ ಟರ್ಮಿನಲ್ ಹತ್ತಿರ ಹೋದೆ, ಅಲ್ಲೇ ಸಿಕ್ಕಿತು.

ಸಂಜೆ ಪಂಪ್‌ಸೆಟ್ ಓಡುವಾಗ ಲೈನಿನ ವೋಲ್ಟೇಜ್ 165ಕ್ಕೆ ಇಳಿದರೂ ಡಿಸ್‌ಪ್ಲೇ ಹೇಳುತ್ತದೆ. ಕಂಪ್ಯೂಟರ್‌ನಂಥವಕ್ಕೆ ಇರುವ ಯುಪಿಎಸ್ ಮೋಡ್‌ನಲ್ಲಿ ಸುಮಾರು 180ಕ್ಕಿಂತ ಕಡಿಮೆ ಬಂದರೆ ಇನ್ವರ್ಟರ್ ಲೈನ್ ಕರೆಂಟ್ ತಗೊಳ್ಳುವುದೇ ಇಲ್ಲ, ಸುಮ್ನೆ ಬ್ಯಾಟರಿ ತಿನ್ನುತ್ತದೆ. ಆಗ ಕಡಿಮೆ ವೋಲ್ಟೇಜನ್ನೂ ತಗೊಳ್ಳುವ ವೈಡ್ ಮೋಡ್‌ಗೆ ಹಾಕಬೇಕು. ಮೂರು ಲೈಟಿನದರಲ್ಲಿ ಕರೆಂಟೇ ಇಲ್ಲವೇನೋ ಅಂತ ಕಾಣುತ್ತದೆ.

ಬ್ಯಾಟರಿ ಪರ್ಸೆಂಟೇಜ್ ಮಾತ್ರ ನಂಬಬೇಡಿ. ಚಾರ್ಜ್ ನಿಂತ ಕೂಡಲೇ 100 ತೋರಿಸುತ್ತದೆ, ಫ್ಯಾನ್ ಹಾಕಿದರೆ ಇಳಿಯುತ್ತದೆ.

ನಾನು ಕೊಂಡಾಗ ಡಿಸ್‌ಪ್ಲೇ ಇರುವುದರ ಬೆಲೆ ಎರಡು ಸಾವಿರದಷ್ಟು ಜಾಸ್ತಿ ಇತ್ತು. ಹೊಸ ಬ್ಯಾಟರಿ ಅಂದರೆ ಹತ್ತು ಸಾವಿರದ ಮೇಲೆ. ನಿಮ್ಮಲ್ಲಿ ಎರಡು ಲೈಟು, ಒಂದು ಫ್ಯಾನು ಮಾತ್ರ ಓಡುವುದಾದರೆ, ನಂಬಿಕಸ್ತ ರಿಪೇರಿಯವರು ಪಕ್ಕದಲ್ಲೇ ಇದ್ದರೆ, ಸ್ಕ್ವೇರ್ ವೇವ್ ಸಾಕು. ನಮ್ಮ ತೋಟಕ್ಕೆ ಯಾರನ್ನು ಕರೆದರೂ ಅರ್ಧ ದಿನ ಕಾಯಬೇಕು. ಅದಕ್ಕೇ ಅಲ್ಲಿಗೂ ಡಿಸ್‌ಪ್ಲೇ ಇರುವುದನ್ನೇ ಹೇಳಿದ್ದೇನೆ, ಹಳೆಯದು ಕೊಟ್ಟಿಗೆಯ ಲೈಟಿಗೆ ಹೋಗುತ್ತದೆ.