ಗೂಗಲ್ ಡ್ರೈವ್‌ನಲ್ಲಿ ಮನೆಯ ಕಾಗದಪತ್ರ: ಕೆಲವು ವರ್ಷ ಬಳಸಿದ ಮೇಲೆ

ಪಹಣಿ, ಖಾತೆ ನಕಲು, ಕಂದಾಯದ ರಸೀದಿ, ಅಮ್ಮನ ಲ್ಯಾಬ್ ರಿಪೋರ್ಟು... ನಮ್ಮ ಮನೆಯ ಕಾಗದಗಳೆಲ್ಲ ಈಗ ಗೂಗಲ್ ಡ್ರೈವ್‌ನಲ್ಲಿವೆ. ಊರಲ್ಲಿ ಅಣ್ಣ, ಬೆಂಗಳೂರಲ್ಲಿ ನಾನು, ಪುಣೆಯಲ್ಲಿ ತಂಗಿ, ಮೂವರಿಗೂ ಒಂದೇ ಫೋಲ್ಡರ್. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಹೊಸಬರು ಫೋಲ್ಡರ್ ಒಳಗೆ ಫೋಲ್ಡರ್ ಮಾಡುವುದರಲ್ಲೇ ಸುಸ್ತಾಗುತ್ತಾರೆ. ಅಷ್ಟು ಬೇಕಿಲ್ಲ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ನೋಡುವ ಹಾಗೆ ಇಲ್ಲಿ ಮೊದಲು ಮಾಲೀಕರ ಕಾಲಂ ನೋಡಿ. ಫೋಲ್ಡರ್ ನನ್ನದೇ ಆದರೂ ಅದಕ್ಕೆ ಅಣ್ಣ ಹಾಕಿದ ಫೈಲ್ ಅಣ್ಣನದೇ. ಜಾಗ ಹೋಗುವುದು ಅವನ ಲೆಕ್ಕದಲ್ಲಿ. ಅವನು ಅದನ್ನು ಅಳಿಸಿದರೆ 30 ದಿನ ಕಸದಬುಟ್ಟಿಯಲ್ಲಿದ್ದು, ಆಮೇಲೆ ಎಲ್ಲರಿಗೂ ಇಲ್ಲವಾಗುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ತೆಗೆದುಹಾಕಬಹುದು ಎಂಬ ನಿಯಮವೂ ಇದೆ. ಹಾಗಾಗಿ ಅಪ್ಪ-ಅಮ್ಮನ ಹೆಸರಲ್ಲಿ ಯಾರೋ ಮಾಡಿಕೊಟ್ಟು ಮರೆತ ಜಿಮೇಲ್‌ನಲ್ಲಿ ಆಸ್ತಿ ಕಾಗದ ಇಡಬೇಡಿ. ಬೇರೆಯವರು ಹಾಕಿದ ಮುಖ್ಯ ಫೈಲಿಗೆ ನಾನು ಒಂದು ನಕಲು ಮಾಡಿಕೊಳ್ಳುತ್ತೇನೆ; ಆ ನಕಲಿಗೆ ನಾನೇ ಮಾಲೀಕ. ಶಾರ್ಟ್‌ಕಟ್ ಹಾಕಿಕೊಂಡರೆ ಸಾಲದು, ಅದು ಮೂಲ ಫೈಲಿಗೆ ದಾರಿ ತೋರಿಸುವ ಕೊಂಡಿಯಷ್ಟೇ; ಮೂಲ ಫೈಲ್ ಹೋದರೆ ಕೆಲಸಕ್ಕೆ ಬಾರದು.

ಹಂಚಿಕೆಯಲ್ಲಿ ಇನ್ನೊಂದು ವಿಷಯ. ಮೇಲಿನ ಫೋಲ್ಡರ್ ಹಂಚಿದರೆ ಒಳಗಿರುವುದೆಲ್ಲ ಅವರಿಗೆ ಕಾಣುತ್ತದೆ. ಅಮ್ಮನ ರಿಪೋರ್ಟುಗಳನ್ನು ಜಮೀನಿನ ಫೋಲ್ಡರಿನ ಹೊರಗಿಟ್ಟಿರುವುದು ಇದಕ್ಕೇ. ವಕೀಲರಿಗೆ ಕಾಗದ ತೋರಿಸಬೇಕಾದಾಗ ಆ ಒಂದು ಫೈಲಿಗೆ ಮಾತ್ರ ಅವರ ಇಮೇಲ್ ಸೇರಿಸಿ, ನೋಡುವ ಅನುಮತಿಯಷ್ಟೇ ಕೊಟ್ಟು, ಕೆಲಸ ಮುಗಿದ ಮೇಲೆ ತೆಗೆಯುತ್ತೇನೆ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂದು ಇಟ್ಟರೆ ಅದು ಯಾವ ಬ್ರೋಕರ್‌ನ ವಾಟ್ಸಾಪ್ ಗ್ರೂಪಿಗೆ ಹೋಗಿ ಬೀಳುತ್ತದೋ!

ಹುಡುಕಾಟ ಚೆನ್ನಾಗಿದೆ. ಪಿಡಿಎಫ್ ಒಳಗಿನ ಪದವನ್ನೂ ಹುಡುಕಿ ಕೊಡುತ್ತದೆ. ಅಚ್ಚಾದ ಕನ್ನಡದ ಸ್ಕ್ಯಾನನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಬಿಡಿಸಿಯೂ ಕೊಡುತ್ತದೆ, ಒಂದಿಷ್ಟು ತಪ್ಪುಗಳ ಜೊತೆ. ಅಜ್ಜನ ಕಾಲದ ಕೈಬರಹದ ಕ್ರಯಪತ್ರದ ಹತ್ತಿರ ಮಾತ್ರ ಅದರ ಆಟ ನಡೆಯದು. ಅಂಥವಕ್ಕೆ ನಾವೇ ಸರಿಯಾದ ಹೆಸರಿಡಬೇಕು. ವರ್ಷ ಮೊದಲು, ತಿಂಗಳು ಆಮೇಲೆ, ಕೊನೆಗೆ ವಿಷಯ: ‘2023-04 ಕಂದಾಯ ಊರಮನೆ’. ತಾನಾಗಿಯೇ ಕಾಲಕ್ರಮದಲ್ಲಿ ಕೂರುತ್ತವೆ.

ಬೇಸರ ಬರಿಸುವುದು ‘ನನ್ನೊಂದಿಗೆ ಹಂಚಿಕೊಂಡದ್ದು’ ಎಂಬ ಜಾಗ. ಅದು ಫೋಲ್ಡರ್ ಅಲ್ಲ, ಬಂದದ್ದೆಲ್ಲ ಬಿದ್ದಿರುವ ಪಟ್ಟಿ. ಯಾರದೋ ಮದುವೆ ಆಮಂತ್ರಣ, ಅಪಾರ್ಟ್‌ಮೆಂಟಿನ ನೀರಿನ ಲೆಕ್ಕ, ಅದರ ನಡುವೆ ನಮಗೆ ಬೇಕಾದ ಫೈಲ್. ಇಷ್ಟು ವರ್ಷವಾದರೂ ಇದನ್ನು ಅಚ್ಚುಕಟ್ಟು ಮಾಡಿಲ್ಲವಲ್ಲ ಎನಿಸುತ್ತದೆ.

ಉಚಿತ 15 ಜಿಬಿ ಡ್ರೈವ್ ಒಂದಕ್ಕೇ ಅಲ್ಲ. ಜಿಮೇಲ್, ಫೋಟೋಸ್ ಕೂಡ ಅದರಲ್ಲೇ ಪಾಲುದಾರರು. 2021ರ ಜೂನ್‌ನಿಂದ ಫೋಟೋಗಳೂ ಈ ಲೆಕ್ಕಕ್ಕೆ ಬಂದವು, ಆಮೇಲೆ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ಪೂ ಸೇರಿತು. ಜಾಗ ತುಂಬಿದರೆ ಮೇಲ್ ಬರುವುದೇ ನಿಂತುಹೋಗುತ್ತದೆ. ಕಾಗದಪತ್ರ ಮಾತ್ರ ಇಡುವವರಿಗೆ ಉಚಿತದ್ದೇ ಸಾಕು. ಫೋಟೋ, ವಿಡಿಯೋ ಜಾಸ್ತಿ ಇದ್ದರೆ ಒಬ್ಬರು ದುಡ್ಡು ಕಟ್ಟಿ ಜಾಗವನ್ನು ಇನ್ನೂ ಐದು ಮನೆಮಂದಿಯೊಂದಿಗೆ ಹಂಚಿಕೊಳ್ಳಬಹುದು. ಹಾಗೆಂದು ಒಬ್ಬರ ಫೈಲ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆಧಾರ್, ಡಿಎಲ್‌ಗಳನ್ನು ನಾನು ಇಲ್ಲಿ ಇಟ್ಟೇ ಇಲ್ಲ, ಅವಕ್ಕೆ ಸರ್ಕಾರದ ಡಿಜಿಲಾಕರ್ ಆ್ಯಪ್ ಇದೆ.