ಏಪ್ರಿಲ್‌ನಲ್ಲಿ ಔಷಧಿ, ಮೇ ತಿಂಗಳಲ್ಲಿ ಬೀಜ: ಲಾನ್ ಮಾಡಿಸುವ ಮುನ್ನ ಒಮ್ಮೆ ಓದಿ

ಮಿನ್ನಿಯಾಪೊಲಿಸ್ ಸುತ್ತಮುತ್ತ ಹೊಸದಾಗಿ ಮನೆ ಕೊಂಡಿರುವ ಕನ್ನಡಿಗರು ಏರೇಷನ್ (ಗಟ್ಟಿಯಾದ ಮಣ್ಣಿಗೆ ಯಂತ್ರದಿಂದ ತೂತು ಕೊರೆಯುವುದು) ಮತ್ತು ಓವರ್‌ಸೀಡಿಂಗ್‌ಗೆಂದು (ಇರುವ ಲಾನ್ ಮೇಲೆಯೇ ಮತ್ತೆ ಹುಲ್ಲಿನ ಬೀಜ ಚೆಲ್ಲುವುದು) ಯಾರಿಗಾದರೂ ಮುಂಗಡ ಕೊಡುವ ಯೋಚನೆಯಲ್ಲಿದ್ದರೆ, ಕೊಡುವ ಮೊದಲು ಇದನ್ನು ಓದಬೇಕೆಂದು ವಿನಂತಿ. ಕಳೆದ ವರ್ಷ ನಾನು 380 ಡಾಲರ್, ಐದು ವಾರ ಹರಿಸಿದ ನೀರು ಮತ್ತು ಇಡೀ ಒಂದು ಬೇಸಿಗೆಯನ್ನು ಕಳೆದುಕೊಂಡೆ. ಬೀಜ ಕೆಟ್ಟದ್ದಾಗಿರಲಿಲ್ಲ, ಯಂತ್ರವೂ ಸರಿಯಾಗಿಯೇ ಇತ್ತು. ಬೀಜ ಬೀಳುವ ಮಣ್ಣಿನಲ್ಲಿ ಆಗಲೇ ಏನು ಸೇರಿದೆ ಎಂದು ನಾನು ಕೇಳಲಿಲ್ಲ, ಅಷ್ಟೇ.

ನಮ್ಮ ಹಿತ್ತಲು ಸುಮಾರು 4,000 ಚದರ ಅಡಿ. ಜಿಗುಟು ಮಣ್ಣು, ಮನೆ ಕಟ್ಟುವಾಗ ಓಡಾಡಿದ ವಾಹನಗಳ ಭಾರಕ್ಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಮಳೆ ಬಂದರೆ ನೀರು ಇಂಗದೆ ಬೇಲಿಯ ಕಡೆಗೆ ಹರಿದುಹೋಗುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಲಾನ್ ಕಂಪನಿಯೊಂದರವರು ಬಂದು, ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಬಾರದಂತೆ ತಡೆಯುವ ಹರಳುಗಳನ್ನು ಚೆಲ್ಲಿ ಹೋದರು. ಮೇ ಎರಡನೇ ವಾರದಲ್ಲಿ ಅದೇ ಕಂಪನಿಯಿಂದ ಫೋನ್ ಬಂತು: ರಿಯಾಯಿತಿ ದರದಲ್ಲಿ ಏರೇಷನ್ ಮಾಡಿ, ಬೀಜವನ್ನೂ ಹಾಕಿಕೊಡುತ್ತಾರಂತೆ. ಎರಡೂ ಕೆಲಸ ಒಬ್ಬರದೇ ಆಗಿರುವಾಗ, ಒಂದರಿಂದ ಇನ್ನೊಂದಕ್ಕೆ ತೊಂದರೆಯಿದ್ದರೆ ಅವರೇ ಹೇಳುತ್ತಾರಲ್ಲವೇ ಎಂದುಕೊಂಡು ಒಪ್ಪಿದೆ.

ಯಂತ್ರದ ಕೆಲಸದಲ್ಲಿ ದೂರುವಂಥದ್ದೇನೂ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಹಿಂದಿನ ದಿನ ನೀರು ಬಿಟ್ಟು ಮಣ್ಣನ್ನು ಹದ ಮಾಡಿಟ್ಟಿದ್ದೆ. ಟೊಳ್ಳು ಹಲ್ಲುಗಳ ಯಂತ್ರವು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹಾಯ್ದು, ಬೆರಳಿನಷ್ಟು ದಪ್ಪದ, ಎರಡೂವರೆ ಇಂಚು ಉದ್ದದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಹಾಕಿತ್ತು. ಬೀಜದಲ್ಲಿ ಕೆಂಟಕಿ ಬ್ಲೂಗ್ರಾಸ್ ಮತ್ತು ಪೆರೆನಿಯಲ್ ರೈಗ್ರಾಸ್ ಬೆರೆತಿದ್ದವು. ರೈಗ್ರಾಸ್ ಐದರಿಂದ ಹತ್ತು ದಿನಗಳಲ್ಲಿ ಮೊಳೆಯುತ್ತದೆ, ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ಬೇಕು ಎಂದು ಓದಿಕೊಂಡು, ದಿನಕ್ಕೆ ಮೂರು ಹೊತ್ತು ತೆಳುವಾಗಿ ನೀರು ಹಾಕುತ್ತ ಕಾದೆ. ಒಂಬತ್ತನೇ ದಿನ ಅಲ್ಲಲ್ಲಿ ಹಸಿರು ಕೂದಲಿನಂಥ ಮೊಳಕೆ ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೂ ಉಂಟು. ಹದಿನೈದನೇ ದಿನದ ಹೊತ್ತಿಗೆ ಅವೆಲ್ಲ ಒಣಗಿ ಹೋಗಿದ್ದವು. ಒಂದನ್ನು ಮೆಲ್ಲಗೆ ಎಳೆದು ನೋಡಿದೆ: ಎಳೆ ಎಳೆಯಾಗಿ ಇಳಿಯಬೇಕಿದ್ದ ಬೇರು ಅಕ್ಕಿಕಾಳಿನಷ್ಟೂ ಬೆಳೆಯದೆ, ತುದಿಯಲ್ಲಿ ಊದಿಕೊಂಡು ಬೆಂಕಿಕಡ್ಡಿಯ ತಲೆಯಂತಾಗಿತ್ತು.

ಆಗಲೂ ನನಗೆ ಹೊಳೆಯಲಿಲ್ಲ. ಹೊಳೆಯುವಂತೆ ಮಾಡಿದ್ದು ಮಗಳ ಮರಳಾಟದ ತೊಟ್ಟಿ. ಚಳಿಗಾಲವಿಡೀ ಹಿತ್ತಲಿನ ಮೂಲೆಯಲ್ಲಿದ್ದ ಆ ದುಂಡನೆಯ ಪ್ಲಾಸ್ಟಿಕ್ ತೊಟ್ಟಿಯನ್ನು ಏರೇಷನ್ ದಿನವಷ್ಟೇ ಎತ್ತಿಟ್ಟಿದ್ದೆವು. ಜೂನ್ ಮಧ್ಯದಲ್ಲಿ ಇಡೀ ಹಿತ್ತಲು ಬೋಳುಬೋಳಾಗಿದ್ದಾಗ, ತೊಟ್ಟಿ ಇದ್ದ ಜಾಗದಲ್ಲಿ ಮಾತ್ರ ತಟ್ಟೆ ಬೋರಲು ಹಾಕಿದಂತೆ ಒತ್ತಾದ ಹಸಿರು ವೃತ್ತವೊಂದು ಎದ್ದಿತ್ತು. ಬೀಜ ಅದೇ, ನೀರೂ ಅದೇ. ಏಪ್ರಿಲ್‌ನ ಹರಳು ಮಾತ್ರ ಅಲ್ಲಿಗೆ ತಲುಪಿರಲಿಲ್ಲ. (ಜುಲೈನಲ್ಲಿ ಕ್ರ್ಯಾಬ್‌ಗ್ರಾಸ್ ಬಂದದ್ದೂ ಆ ವೃತ್ತದಲ್ಲಿಯೇ, ಔಷಧಿ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿತ್ತು.)

ಹಳೆಯ ಬಿಲ್ ತೆಗೆದು ನೋಡಿದರೆ ಸಣ್ಣ ಅಕ್ಷರದಲ್ಲಿ ಪ್ರೊಡಯಮೈನ್ ಎಂದಿತ್ತು. ಪ್ರೊಡಯಮೈನ್, ಪೆಂಡಿಮೆಥಾಲಿನ್, ಡೈಥಿಯೋಪೈರ್ ಇವು ಮೂರೂ ಎಳೆಯ ಬೇರಿನ ಜೀವಕೋಶಗಳು ವಿಭಜನೆಯಾಗದಂತೆ ತಡೆಯುತ್ತವೆ. ಮೊಳೆಯುತ್ತಿರುವುದು ಕಳೆಯೋ, ನಾವು ದುಡ್ಡು ಕೊಟ್ಟು ತಂದ ಹುಲ್ಲೋ ಎಂಬ ಭೇದ ಅವಕ್ಕಿಲ್ಲ. ಧಾರವಾಡದ ಕಡೆ ಶೇಂಗಾ ಬೆಳೆಯುವ ನಮ್ಮ ಅಣ್ಣನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ನಕ್ಕುಬಿಟ್ಟ. "ತಮ್ಮಾ, ಪೆಂಡಿಮೆಥಾಲಿನ್ ನಾವೂ ಹೊಡೀತೀವಿ. ಆದರ ಶೇಂಗಾ ಬೀಜ ಎರಡು ಇಂಚು ಕೆಳಗ ಇರ್ತದ, ಔಷಧ ಮ್ಯಾಲಿನ ಪದರದಾಗ ನಿಲ್ತದ. ನಿನ್ನ ಹುಲ್ಲಿನ ಬೀಜ ಔಷಧದ ಹಾಸಿಗಿ ಮ್ಯಾಲೇ ಮಲಗೇದಲ್ಲೋ!" ಇಷ್ಟು ಸ್ಪಷ್ಟವಾಗಿ ಕಂಪನಿಯವರು ಯಾರೂ ನನಗೆ ಹೇಳಿರಲಿಲ್ಲ. ಅವರನ್ನು ಕೇಳಿದಾಗ ಮೊದಲು ನಾನು ನೀರು ಸಾಲದಷ್ಟು ಹಾಕಿದ್ದೇನೆ ಎಂದರು. ಹಸಿರು ವೃತ್ತದ ಫೋಟೋ ಕಳುಹಿಸಿದ ಮೇಲೆ, ಬೀಜದ ಖಾತರಿ ಕರಾರಿನಲ್ಲಿಲ್ಲ ಎಂದರು. ಹಣ ವಾಪಸು ಬರಲಿಲ್ಲ.

ಆದ್ದರಿಂದ ಒಪ್ಪುವ ಮೊದಲು ಈ ವರ್ಷ ಯಾವ ಔಷಧಿ, ಯಾವ ದಿನ, ಎಷ್ಟು ಪ್ರಮಾಣದಲ್ಲಿ ಬಿದ್ದಿದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮರಳಿ ಬೀಜ ಹಾಕಲು ಎಷ್ಟು ಕಾಲ ಬಿಡಬೇಕೆಂಬುದು ಆ ಔಷಧಿಯ ಲೇಬಲ್‌ನಲ್ಲಿಯೇ ಇರುತ್ತದೆ. ಪ್ರೊಡಯಮೈನ್ ಆದರೆ ಪ್ರಮಾಣಕ್ಕೆ ತಕ್ಕಂತೆ ನಾಲ್ಕು ತಿಂಗಳು ಅಥವಾ ಅದಕ್ಕೂ ಹೆಚ್ಚು. ಇನ್ನು ಕಾಲದ ಮಾತು: ಇಲ್ಲಿನ ಚಳಿ ಸೀಮೆಯ ಹುಲ್ಲಿಗೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿಯೇ ಪ್ರಶಸ್ತ. ಮಣ್ಣಿನಲ್ಲಿ ಇನ್ನೂ ಕಾವಿರುತ್ತದೆ, ಗಾಳಿ ತಂಪಾಗುತ್ತಿರುತ್ತದೆ, ಮತ್ತು ಕ್ರ್ಯಾಬ್‌ಗ್ರಾಸ್ ಹೇಗೂ ಮೊದಲ ಹಿಮಕ್ಕೆ ಸಾಯುವುದರಿಂದ ಅದನ್ನು ತಡೆಯುವ ಔಷಧಿಯ ಅಗತ್ಯವೇ ಇರುವುದಿಲ್ಲ. ಮೇ ತಿಂಗಳ ಮೊಳಕೆಯಾದರೋ ಬೇರು ಇಳಿಯುವಷ್ಟರಲ್ಲಿ ಜುಲೈ ಬಿಸಿಲಿಗೆ ಸಿಕ್ಕಿಬೀಳುತ್ತದೆ.

ಬೀಜದ ಚೀಲದ ಹಿಂದಿನ ಚೀಟಿಯನ್ನೂ ಓದಿ. ಮೊಳಕೆಯ ಪ್ರತಿಶತ, ಪರೀಕ್ಷಿಸಿದ ದಿನಾಂಕ, ಕಳೆಬೀಜದ ಪಾಲು ಎಲ್ಲವೂ ಅಲ್ಲಿರುತ್ತವೆ. ಲೇಪನ ಮಾಡಿದ ಬೀಜವಾದರೆ ತೂಕದ ಅರ್ಧದಷ್ಟು ಬರೀ ಲೇಪನವೇ ಇರಬಹುದು.

ಈಗಾಗಲೇ ವಸಂತದಲ್ಲಿ ಔಷಧಿ ಹಾಕಿಸಿದವರು ಲೇಬಲ್‌ನ ಗಡುವನ್ನು ಕ್ಯಾಲೆಂಡರ್‌ನಲ್ಲಿ ಎಣಿಸಿ ನೋಡಬೇಕು. ಅದು ಸೆಪ್ಟೆಂಬರ್ ಮಧ್ಯವನ್ನು ದಾಟಿದರೆ ಅವಸರ ಪಡದೆ, ಮಣ್ಣು ಮೊಳಕೆಯೊಡೆಯಲಾರದಷ್ಟು ತಣ್ಣಗಾಗುವ ನವೆಂಬರ್‌ನಲ್ಲಿ ಬೀಜ ಚೆಲ್ಲಬಹುದು; ಅದು ಹಿಮದಡಿ ಮಲಗಿದ್ದು ವಸಂತದಲ್ಲಿ ಏಳುತ್ತದೆ. ಹಾಗೆ ಮಾಡಿದವರು ಏಪ್ರಿಲ್‌ನಲ್ಲಿ ಹರಳಿನ ಬಂಡಿ ತಳ್ಳಿಕೊಂಡು ಬರುವವರನ್ನು ಗೇಟಿನಲ್ಲಿಯೇ ತಡೆದು ಕಳುಹಿಸಬೇಕು.